ತಕರಾರು ಇಲ್ಲದ ಬೀದಿ

ಗೂಡಿನ ಬೀದಿ, ಶಿಡ್ಲಘಟ್ಟ
ಕ್ರೋಧಿ ಸಂವತ್ಸರ (ನೀವು ಕಂಡ ಕ್ರೋಧಿಯಲ್ಲ, ಅದಾದ ಮೇಲೆ ಬಂದ ಎರಡನೆಯದು)
ಕಾರ್ತಿಕ ಮಾಸದ ಬಿಡುವಿನ ದಿನ

ನಮಗಿಂತ ಮುಂಚೆ ಬಾಳಿದ ಹಿರಿಯರೆಲ್ಲರಿಗೂ ಬಚ್ಚಮ್ಮನ ನಮಸ್ಕಾರಗಳು. ಇದನ್ನು ಓದುತ್ತಿರುವವರು ಇಪ್ಪತ್ತು ವರ್ಷದ ಹುಡುಗಿಯೇ ಆಗಿರಲಿ, ನನ್ನ ಲೆಕ್ಕದಲ್ಲಿ ನೀವು ಮುತ್ತಜ್ಜಿಯ ಸಮಾನ. ಆದ್ದರಿಂದ ನಮಸ್ಕಾರ ಬೇಡ ಅನ್ನಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ಕೆಲವು ಹುಟ್ಟಿದ್ದರೂ ಬೇರೆ ಕೆಲಸ ಮಾಡಿಕೊಂಡಿವೆ. ಅರ್ಥ ಆಗದ ಕಡೆ ನಾನೇ ನಿಂತು ಬಿಡಿಸಿ ಹೇಳುತ್ತೇನೆ. ನನಗೇನೂ ಅವಸರವಿಲ್ಲ, ಇವತ್ತು ನನಗೆ ರಜ.

ಮೊದಲು ತಾರೀಖಿನ ವಿಚಾರ. ನಮ್ಮಲ್ಲಿ ಪ್ರತಿ ತಿಂಗಳಿಗೂ ಲೆಕ್ಕಕ್ಕೆ ಸೇರದ ಒಂದು ದಿನ ಇದೆ. ಅದಕ್ಕೆ ನಂಬರಿಲ್ಲ, ವಾರದ ಹೆಸರೂ ಇಲ್ಲ. ಪಂಚಾಂಗದವರು ಅದನ್ನು ಎಲ್ಲಿ ತುರುಕಿದರೋ, ಹೇಗೆ ಹೊಂದಿಸಿದರೋ, ಅವರನ್ನೇ ಕೇಳಬೇಕು. ಹಾಸಿಗೆ ಹಿಡಿದವರು, ಮರೆವು ಬಂದವರು, ಕೈಕಾಲು ಸ್ವಾಧೀನದಲ್ಲಿ ಇಲ್ಲದವರು, ಇಂಥವರನ್ನು ವರ್ಷವಿಡೀ ನೋಡಿಕೊಳ್ಳುವ ನಮ್ಮಂಥವರಿಗೆ ಆ ದಿನ ಬಿಡುವು. ಅಂದು ಕಚೇರಿಗಳಿಗೆಲ್ಲ ಬೀಗ. ಕಚೇರಿಯವರೆಲ್ಲ ಬಂದು ನಮ್ಮ ಕೆಲಸ ಮಾಡಬೇಕು, ಇದು ಕಾನೂನು. ನಾನಿಲ್ಲಿ ಜಗುಲಿಯ ಮೇಲೆ ಕಾಲು ಚಾಚಿ ಬರೆಯುತ್ತಿದ್ದರೆ ಒಳಗೆ ನಮ್ಮ ತಹಸೀಲ್ದಾರರು ದ್ಯಾವಪ್ಪಣ್ಣನ ಗಡ್ಡ ಹೆರೆಯುತ್ತಿದ್ದಾರೆ. ದ್ಯಾವಪ್ಪಣ್ಣ ಹಿಂದೆ ಬಸ್ಸು ಓಡಿಸುತ್ತಿದ್ದವರು. ಈಗ ಎರಡು ಮಂಡಿಯೂ ಹೋಗಿವೆ, ಬಾಯಿ ಮಾತ್ರ ಭದ್ರವಾಗಿದೆ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡೇ ತನ್ನ ಜಮೀನಿನ ಖಾತೆ ಎಲ್ಲಿಗೆ ಬಂತು ಅಂತ ತಹಸೀಲ್ದಾರರನ್ನು ವಿಚಾರಿಸಿಕೊಳ್ಳುತ್ತಿದ್ದಾರೆ. ಕಚೇರಿಯಲ್ಲಾದರೆ ಅವರು ನಾಳೆ ಬಾ ಅನ್ನಬಹುದಿತ್ತು, ಇಲ್ಲಿ ಕೈಯಲ್ಲಿ ಗಡ್ಡ ಇದೆ, ಎಲ್ಲಿಗೆ ಹೋಗ್ತಾರೆ.

ಈ ಕಾಗದ ನಿಮಗೆ ಬರುವುದು ಹಿಂಬಾಗಿಲ ಅಂಚೆಯಲ್ಲಿ. ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ತಲುಪಿಸುವ ಅಂಚೆ. ಇದರಿಂದ ಹಿಂದಿನದೆಲ್ಲ ಏರುಪೇರಾಗಿ ನಾವೇ ಹುಟ್ಟದೆ ಹೋದರೇನು ಗತಿ ಅಂತ ಅಂಚೆಯವನನ್ನು ಕೇಳಿದೆ. ಅವನು ನಕ್ಕ. ಹಿಂದಿನವರು ಯಾವತ್ತೂ ಯಾರ ಬುದ್ಧಿಮಾತನ್ನೂ ಕೇಳಿದ್ದಿಲ್ಲ ಕಣಮ್ಮ, ಧೈರ್ಯವಾಗಿ ಬರಿ ಅಂದ. ನೀವು ಅವನ ಮಾತನ್ನು ಸುಳ್ಳು ಮಾಡಬೇಕು ಅಂತ ನನ್ನ ಆಸೆ. ಏಕೆಂದರೆ ನಿಮ್ಮ ಕಾಲದ ಸರ್ಕಾರ, ವಯಸ್ಸಾದವರನ್ನು ಊರುಕೇರಿಯವರೇ ನೋಡಿಕೊಳ್ಳುವುದಕ್ಕೆ ಅನುದಾನ ಕೊಡೋಣವೇ ಅಂತ ಆಗತಾನೇ ಯೋಚಿಸಲು ಶುರುಮಾಡಿತ್ತಂತೆ. ಕೊಟ್ಟರೆ ಅದು ಸರಿಯಾಗಿ ಬಳಕೆಯಾಯಿತೋ ಇಲ್ಲವೋ ನೋಡಲು 'ನಿಮಗೆ ತೃಪ್ತಿಯಾಗಿದೆಯೇ' ಅಂತ ಕೇಳುವ ಆಲೋಚನೆಯೂ ಇತ್ತಂತೆ. ಅದನ್ನು ಕೇಳಿದಾಗಿನಿಂದ ನನಗೆ ಸುಮ್ಮನಿರಲು ಆಗುತ್ತಿಲ್ಲ. ದಯವಿಟ್ಟು ಹಾಗೆ ಕೇಳಬೇಡಿ. ಯಾಕೆ ಅನ್ನುವುದನ್ನು ಈ ವರ್ಷ ನಮ್ಮ ಬೀದಿಯಲ್ಲಿ ನಡೆದದ್ದನ್ನು ಹೇಳಿದರೆ ನಿಮಗೇ ತಿಳಿಯುತ್ತದೆ.

ನಮ್ಮದು ರೇಷ್ಮೆಗೂಡು ಬಿಚ್ಚುವವರ ಬೀದಿ. ಇಲ್ಲಿ ಒಂದು ಹಗಲುಮನೆ ಇದೆ. ಹೆಸರೇ ಹೇಳುವ ಹಾಗೆ, ಆಸರೆ ಬೇಕಾದವರು ಹಗಲೆಲ್ಲ ಅಲ್ಲಿರುತ್ತಾರೆ, ಸಂಜೆ ಅವರವರ ಮನೆಗೆ ಹೋಗಿ ಅವರವರ ಹಾಸಿಗೆಯಲ್ಲಿ ಮಲಗುತ್ತಾರೆ. ಇದನ್ನು ನಡೆಸುವುದು ಯಾವ ಕಂಪನಿಯೂ ಅಲ್ಲ, ಬೀದಿಯವರೇ. ಹಣ ಬರುವುದು ಸರ್ಕಾರದ ಆಸರೆ ನಿಧಿಯಿಂದ. ಅದು ಕಟ್ಟಡಕ್ಕೆ ಕೊಡುವ ಹಣವಲ್ಲ, ಬೀದಿಗೆ ಕೊಡುವ ಹಣ. ಅದರಲ್ಲಿ ಅಡುಗೆಗೆ, ಔಷಧಿಗೆ, ಮತ್ತೆ ನೋಡಿಕೊಳ್ಳುವವರ ಸಂಬಳಕ್ಕೆ ಇಂತಿಷ್ಟು ಅಂತ ಇರುತ್ತದೆ. ಸ್ವಂತ ಅತ್ತೆಯನ್ನು ನೋಡಿಕೊಂಡರೂ ಸಂಬಳ, ಪಕ್ಕದ ಮನೆ ತಾತನನ್ನು ನೋಡಿಕೊಂಡರೂ ಸಂಬಳ. ನಿಮ್ಮ ಕಾಲದಲ್ಲಿ ಬೆಳಗಿನಿಂದ ರಾತ್ರಿವರೆಗೆ ಮಲಗಿದವರ ಮಗ್ಗಲು ತಿರುಗಿಸಿ, ಬೆನ್ನು ಒರೆಸಿ, ಬಟ್ಟೆ ಬದಲಿಸುತ್ತಿದ್ದ ಹೆಂಗಸನ್ನು ತೋರಿಸಿ 'ಮನೇಲಿ ಸುಮ್ನೆ ಇದ್ದಾಳೆ' ಅನ್ನುತ್ತಿದ್ದರಂತೆ. ಈ ಮಾತನ್ನು ನಮ್ಮ ಹುಡುಗಿಯರಿಗೆ ಹೇಳಿದರೆ ಅವರು ನಂಬುವುದೇ ಇಲ್ಲ, ನಾನೇನೋ ಹುಟ್ಟಿಸಿಕೊಂಡು ಹೇಳುತ್ತೇನೆ ಅಂದುಕೊಳ್ಳುತ್ತಾರೆ. ನಾನು ಈ ಮನೆಯ ಅಡುಗೆಯವಳು, ಮೇಲ್ವಿಚಾರಣೆಯೂ ನನ್ನದೇ. ಸಂಬಳವಿದೆ, ಮುಂದೆ ಪಿಂಚಣಿ ಇದೆ, ಮಾತಾಡಿದರೆ ಕೇಳುವ ಜನ ಇದ್ದಾರೆ.

ನಮ್ಮ ಬೀದಿ ನಿಮಗೆ ಒಂದು ಸಲ ತೋರಿಸಬೇಕು ಅಂತ ಎಷ್ಟು ಆಸೆ ಗೊತ್ತಾ. ಬಿಸಿಲು ನಿಮ್ಮ ಕಾಲಕ್ಕಿಂತ ಜೋರು, ಅದಕ್ಕೆ ಈ ಮನೆಯ ಮಾಳಿಗೆಯಿಂದ ಆ ಮನೆಯ ಮಾಳಿಗೆಗೆ ನೆಳಲುಬಟ್ಟೆ ಕಟ್ಟಿದ್ದೇವೆ. ಉಳಿದ ಪಳಿದ ರೇಷ್ಮೆ ಎಳೆಯಲ್ಲೇ ನೇಯ್ದದ್ದು, ಒಂದೊಂದು ಮನೆಯದು ಒಂದೊಂದು ಬಣ್ಣ. ಮಧ್ಯಾಹ್ನ ಬೀದಿಯಲ್ಲಿ ನಡೆದರೆ ಮೈಮೇಲೆ ಹಳದಿ, ಹಸಿರು, ಕೆಂಪು ಬೆಳಕು ಬೀಳುತ್ತದೆ, ಮರೆವು ಬಂದವರು ಆ ಬಣ್ಣ ನೋಡಿಕೊಂಡೇ ತಮ್ಮ ಮನೆ ಸೇರುತ್ತಾರೆ. ಗಾಡಿಗಳಿಗೆ ಬೀದಿಯೊಳಗೆ ಪ್ರವೇಶವಿಲ್ಲ. ಹಗಲುಮನೆಯಲ್ಲಿ ಒಂದು ಎತ್ತುಗೈ ಇದೆ. ಎದ್ದು ಕೂರಲಾಗದವರನ್ನು ಹಾಸಿಗೆಯಿಂದ ಮೆಲ್ಲಗೆ ಎತ್ತಿ ಕುರ್ಚಿಗೋ ಬಚ್ಚಲಿಗೋ ಮುಟ್ಟಿಸುವ ಯಂತ್ರ ಅದು, ಮೆತ್ತನೆಯ ಎರಡು ತೋಳು, ಬೆನ್ನಿಗೊಂದು ಜೋಲಿ. ಹಾಗೆಯೇ ಒಂದು ಗುಳಿಗೆಪೆಟ್ಟಿಗೆ ಇದೆ, ಹೊತ್ತುಹೊತ್ತಿಗೆ ಹೆಸರು ಹಿಡಿದು ಕರೆದು ಮಾತ್ರೆ ಕೊಡುತ್ತದೆ. ಅದರ ಕನ್ನಡ ಟಿವಿಯಲ್ಲಿ ವಾರ್ತೆ ಓದುವವರ ಕನ್ನಡ. ಎಲ್ಲರನ್ನೂ 'ಮಾನ್ಯರೇ' ಅನ್ನುತ್ತದೆ. ನಮ್ಮವರು ಅದನ್ನು ಬೈದು ಬೈದು ಸುಸ್ತಾಗಿದ್ದಾರೆ. ಇಷ್ಟೆಲ್ಲ ಬಂದರೂ ಮುದ್ದೆ ಮುದ್ದೆಯಾಗಿಯೇ ಉಳಿದಿದೆ, ಅವರೆಕಾಯಿ ಕಾಲಕ್ಕೆ ಬೀದಿಗೆ ಬೀದಿಯೇ ಸೊಗಡು ಹೊಡೆಯುತ್ತದೆ, ಬುಧವಾರ ಬುಧವಾರ ನನ್ನ ಬಸ್ಸಾರು ತಪ್ಪಿದ್ದಿಲ್ಲ.

ಈಗ ನಮ್ಮ ಅತ್ತೆಯ ವಿಷಯ. ಮುನಿವೆಂಕಟಮ್ಮ ಅಂತ ಹೆಸರು, ಎಂಬತ್ತಾರು ವರ್ಷ, ಹಗಲೆಲ್ಲ ಅವರೂ ಹಗಲುಮನೆಯಲ್ಲೇ. ನಾನು ಅವರ ಮನೆಗೆ ಸೊಸೆಯಾಗಿ ಬಂದ ದಿನದಿಂದ ನನಗೂ ಅವರಿಗೂ ಜಗಳ. ಒಲೆ ಮೇಲಿನ ಪಾತ್ರೆಯಿಂದ ಹಿಡಿದು ಅವರ ಮಗ ಯಾರ ಮಾತು ಹೆಚ್ಚು ಕೇಳುತ್ತಾನೆ ಅನ್ನುವವರೆಗೆ ಯಾವುದನ್ನೂ ನಾವು ಸುಮ್ಮನೆ ಬಿಟ್ಟಿದ್ದಿಲ್ಲ. ನಾವು ಶುರು ಮಾಡಿದರೆ ನಮ್ಮ ಯಜಮಾನರು ಚಪ್ಪಲಿ ಹಾಕಿಕೊಂಡು ಗೂಡಿನ ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದರು, ಮಾರ್ಕೆಟ್ಟು ಮುಚ್ಚಿದ್ದರೂ. ಐದು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು, ಮಾತು ಉಳಿಯಿತು, ಆದರೆ ನಿಧಾನ. ಇವರಿಗೆ ಸಿಟ್ಟು ಬರದ ಹಾಗೆ, ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿ ಕಳಿಸಿದರು. ನಾನು ಅದನ್ನು ಅಕ್ಷರಕ್ಕಕ್ಷರ ಪಾಲಿಸಿದೆ. ಅಂದಿನಿಂದ ಒಂದು ಗಟ್ಟಿ ಮಾತು ನನ್ನ ಬಾಯಿಂದ ಬಂದಿದ್ದರೆ ಕೇಳಿ. ಅವರೂ ಬದಲಾದರು. ಹಾಕಿದ್ದು ತಿನ್ನುತ್ತಿದ್ದರು, ಕೂರಿಸಿದಲ್ಲಿ ಕೂರುತ್ತಿದ್ದರು. ಅತ್ತೆ ಸೊಸೆ ಅಂದರೆ ಹೀಗಿರಬೇಕು ಅಂತ ಬೀದಿಯವರು ನಮ್ಮನ್ನು ತೋರಿಸಿ ಹೇಳತೊಡಗಿದರು. ನನಗೂ ಒಳಗೊಳಗೇ ಹೆಮ್ಮೆ.

ಆಸರೆ ನಿಧಿಯವರು ಅನುದಾನವನ್ನು ವರ್ಷವರ್ಷವೂ ಹೊಸದಾಗಿ ಮಂಜೂರು ಮಾಡುತ್ತಾರೆ. ಅದಕ್ಕೆ ಮುಂಚೆ ತಕರಾರು ದಿನ ಅಂತ ಒಂದಿರುತ್ತದೆ. ಒಬ್ಬರು ಕೇಳುಗರು ಬರುತ್ತಾರೆ. ಕೇಳುಗರು ಅಂದರೆ ನಿಧಿಯ ಅಧಿಕಾರಿ, ಅವರ ಕೆಲಸ ಪರೀಕ್ಷೆ ಮಾಡುವುದಲ್ಲ, ಕೂತು ಕೇಳುವುದು. ಈ ಊರಿನ ನಂಟು ಇರಬಾರದು ಅಂತ ದೂರದ ಜಿಲ್ಲೆಯವರನ್ನೇ ಕಳಿಸುತ್ತಾರೆ. ಬೆಳಿಗ್ಗೆ ಒಬ್ಬೊಬ್ಬರನ್ನೇ ಗುಟ್ಟಾಗಿ ಮಾತಾಡಿಸುತ್ತಾರೆ, ಮಧ್ಯಾಹ್ನ ಊಟ ಆದಮೇಲೆ ಎಲ್ಲರನ್ನೂ ನೆಳಲುಬಟ್ಟೆ ಕೆಳಗೆ ಕೂರಿಸಿ ಬಹಿರಂಗವಾಗಿ ಕೇಳುತ್ತಾರೆ. ಹೋದ ವರ್ಷದವರೆಗೂ ನಮ್ಮವರು ಮನಸಾರೆ ತಕರಾರು ಹೇಳಿಕೊಂಡು ಬಂದಿದ್ದರು. ಉಪ್ಪು ಜಾಸ್ತಿ, ನೀರು ತಣ್ಣಗಿದೆ, ಬಚ್ಚಮ್ಮನ ಬಾಯಿ ಜೋರು. ನಿಧಿಯವರು ಕೇಳಿಸಿಕೊಂಡು, ಬೇಕಾದ್ದನ್ನು ಸರಿಮಾಡಿ, ಅನುದಾನ ಕೊಟ್ಟು ಹೋಗುತ್ತಿದ್ದರು.

ಈ ವರ್ಷ ದ್ಯಾವಪ್ಪಣ್ಣನ ತಲೆಗೆ ಒಂದು ಸುದ್ದಿ ಹೊಕ್ಕಿತು. ತಕರಾರೇ ಇಲ್ಲದ ಬೀದಿಗೆ ಮೊದಲ ಸ್ಥಾನ ಕೊಡ್ತಾರಂತೆ, ಬಹುಮಾನವಾಗಿ ಇನ್ನೊಂದು ಎತ್ತುಗೈ ಕೊಡ್ತಾರಂತೆ. ಯಾರು ಹೇಳಿದರು ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ. ಎರಡನೆಯ ಎತ್ತುಗೈ ಬೇಕು ಅಂತ ನಮಗೆಲ್ಲ ಇದ್ದೇ ಇತ್ತು, ಒಂದೇ ಯಂತ್ರಕ್ಕೆ ಎಲ್ಲರೂ ಕಾಯಬೇಕಲ್ಲ. ಸರಿ, ಹಿರಿಯರೆಲ್ಲ ಒಂದಾದರು. ಈ ಸಲ ಯಾರೂ ತುಟಿ ಪಿಟಕ್ಕೆನ್ನಬಾರದು, ಕೇಳಿದ್ದಕ್ಕೆಲ್ಲ ಚೆನ್ನಾಗಿದೆ, ಬಹಳ ಚೆನ್ನಾಗಿದೆ ಅನ್ನಬೇಕು ಅಂತ ಒಪ್ಪಂದವಾಯಿತು. ದ್ಯಾವಪ್ಪಣ್ಣ ಒಂದು ವಾರ ದಿನಾ ಅಭ್ಯಾಸ ಮಾಡಿಸಿದರು. ನಾನೂ ಏನು ಕಡಿಮೆಯಲ್ಲ. ನಗುನಗುತ್ತಾ ಹೇಳಿ, ಮುಖ ಗಂಟಿಕ್ಕಿಕೊಂಡು ಚೆನ್ನಾಗಿದೆ ಅಂದರೆ ಯಾರು ನಂಬ್ತಾರೆ ಅಂತ ತಿದ್ದಿಕೊಟ್ಟೆ. ಅನುದಾನದ ನಿಯಮಗಳನ್ನು ಒಂದು ಸಲ ಓದಿ ನೋಡೋಣ ಅಂತ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು.

ಈ ಸಲ ಬಂದ ಕೇಳುಗರು ಮಹಾದೇವಿ ಬಿರಾದಾರ ಅಂತ, ಬೀದರ್ ಕಡೆಯವರು. ಐವತ್ತರ ಹೆಂಗಸು, ಇಳಕಲ್ ಸೀರೆ, ಮಾತು ಕಡಿಮೆ. ಬೆಳಿಗ್ಗೆ ಒಬ್ಬೊಬ್ಬರೂ ಒಳಗೆ ಹೋಗಿ ಅರಳಿದ ಮುಖದಲ್ಲಿ ಹೊರಗೆ ಬಂದರು. ಪಾಠ ಒಪ್ಪಿಸಿದ ಮಕ್ಕಳ ಖುಷಿ. ಮಧ್ಯಾಹ್ನ ನನ್ನ ಬಸ್ಸಾರು ಮುದ್ದೆಯನ್ನು ಬಿರಾದಾರ ಬಾಯಿಯವರು ಎರಡು ಸಲ ಹಾಕಿಸಿಕೊಂಡು ಉಂಡರು. ನನಗಂತೂ ಎತ್ತುಗೈ ಬಂದೇಬಿಟ್ಟಿತು ಅನ್ನಿಸಿತು. ಊಟ ಆಯಿತು, ಎಲ್ಲರೂ ನೆಳಲಿಗೆ ಬಂದು ಕೂತೆವು. ಮಲಗಿದವರನ್ನು ಮಂಚದ ಸಮೇತ ತಂದೆವು. ಬಿರಾದಾರ ಬಾಯಿಯವರು ಎದ್ದು ನಿಂತು ಎಲ್ಲರ ಮುಖ ನೋಡಿ ಹೇಳಿದರು.

"ಇಪ್ಪತ್ತು ವರ್ಷದಾಗ ತಕರಾರಿಲ್ಲದ ಮನಿ ನಾ ಒಂದೂ ನೋಡಿಲ್ರಿ. ನೀವು ಖರೇನ ಸುಖದಾಗ ಇದ್ದೀರೋ, ಇಲ್ಲಾ ಯಾರಿಗರೆ ಅಂಜಿ ಹಿಂಗ್ ಹೇಳಾಕತ್ತೀರೋ, ನನಗ ತಿಳಿವಲ್ದು."

ಆಮೇಲೆ ನಿಯಮ ಓದಿದರು. ಬಹಳ ಹಿಂದೆ, ಅಂದರೆ ನಿಮಗೂ ನಮಗೂ ನಡುವಿನ ಕಾಲದಲ್ಲಿ, ಎಲ್ಲೋ ಕೆಲವು ಆಸರೆಮನೆಗಳಲ್ಲಿ ಎಲ್ಲರೂ ತೃಪ್ತಿ ತೃಪ್ತಿ ಅಂತಲೇ ಹೇಳುತ್ತಿದ್ದರಂತೆ. ಹೋಗಿ ನೋಡಿದರೆ ಹೊಡೆಯುತ್ತಾರೆ ಅನ್ನುವ ಹೆದರಿಕೆಗೆ ಹಾಗನ್ನುತ್ತಿದ್ದರಂತೆ. ಅಂದಿನಿಂದ ಈ ನಿಯಮ. ಯಾವ ಮನೆಯಲ್ಲಿ ಒಂದು ತಕರಾರೂ ಇಲ್ಲವೋ ಆ ಮನೆಯ ಅನುದಾನ ನಿಲ್ಲುತ್ತದೆ. ಅಲ್ಲಿರುವವರನ್ನೆಲ್ಲ ಮಾರನೆಯ ದಿನವೇ ಜಿಲ್ಲೆಯ ದೊಡ್ಡಾಸರೆಗೆ ಸಾಗಿಸಿ, ಭಯ ಬಿಟ್ಟು ಮಾತಾಡುವ ತನಕ ಅಲ್ಲೇ ಇಟ್ಟುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಆಗಬಹುದು. ಅಷ್ಟು ದಿನ ನಮ್ಮವರು ಯಾರೂ ಹತ್ತಿರ ಸುಳಿಯುವಂತಿಲ್ಲ. ಇಷ್ಟು ಹೇಳಿ, ಅದರಲ್ಲೂ ಒಬ್ಬ ಅತ್ತೆಗೆ ಸೊಸೆ ಮೇಲೆ ಒಂದೇ ಒಂದು ತಕರಾರಿಲ್ಲ ಅಂದದ್ದು ತಮಗೆ ಎಲ್ಲಕ್ಕಿಂತ ಹೆಚ್ಚು ಸಂಶಯ ತಂದಿದೆ ಅಂತ ನನ್ನ ಕಡೆ ನೋಡಿದರು.

ಅತ್ತೆಗೆ ರಾತ್ರಿ ಎರಡು ಸಲ ಮಗ್ಗಲು ಬದಲಿಸಬೇಕು. ಎಡಗಡೆಯಿಂದ ನೀರು ಕುಡಿಸಿದರೆ ನೆತ್ತಿಗೆ ಹತ್ತುತ್ತದೆ. ಹೊಸ ಮುಖ ಕಂಡರೆ ಊಟ ಬಿಡುತ್ತಾರೆ. ದೊಡ್ಡಾಸರೆ ಕೆಟ್ಟ ಜಾಗವೇನಲ್ಲ, ಆದರೆ ಈ ವಯಸ್ಸಿನಲ್ಲಿ ಅಷ್ಟು ತಿಂಗಳು ಅಲ್ಲಿಗೆ ಹೋದರೆ ಇವರು ತಿರುಗಿ ಬರುತ್ತಾರೆ ಅನ್ನುವ ನಂಬಿಕೆ ನನಗೆ ಇರಲಿಲ್ಲ.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಎಲ್ಲರಿಗೂ ಒಟ್ಟಿಗೇ ತಕರಾರು ಜ್ಞಾಪಕಕ್ಕೆ ಬಂದವು. ದ್ಯಾವಪ್ಪಣ್ಣ ಬಸ್ಸಾರಿಗೆ ಉಪ್ಪೇ ಇರಲಿಲ್ಲ ಅಂದರು. ಬಿರಾದಾರ ಬಾಯಿಯವರು ತಾವೇ ಎರಡು ಸಲ ಉಂಡದ್ದನ್ನು ನೆನಪಿಸಿದರು. ಯಾರೋ ಹಾಸಿಗೆ ಗಟ್ಟಿ ಅಂದರು, ಯಾರೋ ದಿಂಬು ಮೆತ್ತಗೆ ಅಂದರು. ಒಬ್ಬಜ್ಜಿ ಗುಳಿಗೆಪೆಟ್ಟಿಗೆ ತನ್ನನ್ನು ಮಾನ್ಯರೇ ಅನ್ನುತ್ತದೆ ಅಂತ ಅತ್ತೇಬಿಟ್ಟಳು. ಬಿರಾದಾರ ಬಾಯಿಯವರು ಎಲ್ಲರಿಗೂ ಕೈ ಅಡ್ಡ ಮಾಡಿ, ಇವೆಲ್ಲ ನಾನು ನಿಯಮ ಓದಿದ ಮೇಲೆ ಹುಟ್ಟಿದ ತಕರಾರು, ಲೆಕ್ಕಕ್ಕಿಲ್ಲ ಅಂದರು. ನಿಜವಾದ ತಕರಾರನ್ನು ಗುರುತಿಸಲು ಕೇಳುಗರ ಹತ್ತಿರ ಒಂದೇ ದಾರಿಯಂತೆ. ಅದನ್ನು ಹೇಳಿದಾಗ, ಯಾರ ಮೇಲೆ ಹೇಳಿದ್ದೋ ಅವರ ಮುಖ ಬದಲಾಗಬೇಕು.

ಅಲ್ಲಿಯವರೆಗೂ ನಮ್ಮ ಅತ್ತೆ ಕುರ್ಚಿಯಲ್ಲಿ ಕೂತು ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋಗಿ, ಅಮ್ಮ ಏನಾದರೂ ಹೇಳಿ, ನನ್ನ ಮೇಲೆಯೇ ಹೇಳಿ, ಏನಾದರೂ ಸರಿ ಅಂತ ಬೇಡಿಕೊಂಡೆ. ಅವರು ನನ್ನ ಕೈ ಸರಿಸಿದರು. ಬಿರಾದಾರ ಬಾಯಿಯವರ ಕಡೆ ತಿರುಗಿ ನಿಲ್ಲಿಸಿ ನಿಲ್ಲಿಸಿ, ಒಂದೊಂದೇ ಮಾತು ಹೇಳಿದರು.

"ನನಗೆ ಇವಳ ಮೇಲೆ ತಕರಾರಿದೆ. ಐದು ವರ್ಷದಿಂದ ಇದೆ. ನಾನು ಬಿದ್ದಾಗಿನಿಂದ ಇವಳು ನನ್ನ ಜೊತೆ ಜಗಳ ಆಡೋದು ಬಿಟ್ಟಿದ್ದಾಳೆ. ನಾನು ಏನಂದ್ರೂ ಆಯ್ತಮ್ಮ ಅಂತಾಳೆ. ಬೇಕೂಂತ ತಪ್ಪು ಮಾತಾಡಿದ್ರೂ ಆಯ್ತಮ್ಮ. ಸತ್ತವರ ಫೋಟೋ ಮುಂದೆ ಹಂಗೆ ಮಾತಾಡ್ತಾರೆ. ನಾನಿನ್ನೂ ಬದುಕಿದ್ದೀನಿ ಅಂತ ಇವಳಿಗೆ ಯಾರಾದ್ರೂ ಹೇಳ್ರಮ್ಮ."

ನನ್ನ ಮುಖ ಏನಾಯಿತೋ ನನಗೆ ಕಾಣದು, ಆದರೆ ಬಿರಾದಾರ ಬಾಯಿಯವರು ಅದನ್ನು ನೋಡಿ ಮೆಲ್ಲಗೆ ಕೂತುಕೊಂಡರು. ಮೊದಲು ನನಗೆ ದುಃಖ ಉಕ್ಕಿ ಬಂತು. ಅದರ ಹಿಂದೆಯೇ ಸಿಟ್ಟು ಬಂತು ನೋಡಿ. ಐದು ವರ್ಷ ಅದೆಲ್ಲಿ ಬಚ್ಚಿಟ್ಟುಕೊಂಡಿತ್ತೋ. ಡಾಕ್ಟರು ಹೇಳಿದ್ದಕ್ಕೆ ಹಲ್ಲು ಕಚ್ಚಿಕೊಂಡು ಬಾಳಿದ್ದೀನಿ, ಬೀದಿಯವರೆಲ್ಲ ಹೊಗಳಿದ್ದನ್ನು ನೀವೊಬ್ಬರು ಹೀಗೆ ಊರ ಮುಂದೆ ಮಣ್ಣುಪಾಲು ಮಾಡಿದಿರಿ ಅಂದೆ. ಹೊಗಳಿಸಿಕೊಳ್ಳೋಕೆ ನಾನೇ ಸಿಕ್ಕಿದ್ನಾ ಅಂದರು. ನೀವು ಮಾತ್ರ ಕಡಿಮೆಯೇ, ನನ್ನ ಬಸ್ಸಾರಿಗೆ ಐದು ವರ್ಷದಿಂದ ಒಂದು ಹುಳುಕು ತೆಗೆದಿಲ್ಲ, ನನಗೆಷ್ಟು ಸಂಕಟ ಆಗಿರಬೇಡ, ಇನ್ನು ಇವರಿಗೆ ಬಾಯಿ ರುಚಿಯೂ ಹೋಯಿತು ಅಂತ ಎಷ್ಟು ಸಲ ಒಲೆ ಮುಂದೆ ಕೂತು ಅತ್ತಿದ್ದೀನಿ ಗೊತ್ತಾ ಅಂದೆ. ಅತ್ತೆಯ ಕಣ್ಣು ಹೊಳೆಯಿತು. ಹುಣಸೇಹುಳಿ ಜಾಸ್ತಿ ಅಂದರು. ಯಾವತ್ತಿನಿಂದ ಅಂದೆ. ನೀನು ಈ ಮನೆಗೆ ಕಾಲಿಟ್ಟ ದಿನದಿಂದ ಅಂದರು. ನಿಮ್ಮ ಮಗ ಚಪ್ಪರಿಸಿಕೊಂಡು ಉಣ್ಣುತ್ತಾರಲ್ಲ ಅಂದೆ. ಅವನಿಗೇನು ಗೊತ್ತು, ಅವನು ನೀನು ಕಲ್ಲು ಕೊಟ್ಟರೂ ತಿಂತಾನೆ ಅಂದರು. ಅಷ್ಟು ಹೊತ್ತಿಗೆ ನಮ್ಮ ಯಜಮಾನರು ಚಪ್ಪಲಿ ಹುಡುಕುತ್ತಿದ್ದರು.

ನನಗೆ ಅಷ್ಟು ಸಂತೋಷ ಆಗಿ ವರ್ಷಗಳಾಗಿದ್ದವು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಲ್ಲಿ ಹುಣಸೇಹಣ್ಣಿನ ವಾದ ನಡೆಯುತ್ತಿದೆ. ಅತ್ತೆಯ ಮಾತು ಕೂಡ ಒಂದೊಂದೇ ಎಳೆ ಬಿಡಿಸಿಕೊಂಡು ಸಲೀಸಾಗಿ ಓಡತೊಡಗಿತು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಿರಾದಾರ ಬಾಯಿಯವರೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರು. ಅವರ ಅತ್ತೆಯೂ ಬೀದರ್ ಹತ್ತಿರದ ಕಲ್ಯಾಣದಲ್ಲಿ ಹಾಸಿಗೆ ಹಿಡಿದಿದ್ದಾರಂತೆ, ನಾನೂ ಎಷ್ಟೋ ದಿನದಿಂದ ಅವರಿಗೆ ಹೌದ್ರಿ ಹೌದ್ರಿ ಅಂತಲೇ ಅನ್ನುತ್ತಿದ್ದೀನಿ ಅಂತ ಆಮೇಲೆ ಕಾಫಿ ಕುಡಿಯುವಾಗ ನನಗೆ ಹೇಳಿದರು.

ನಗು ಇನ್ನೂ ನಿಂತಿರಲಿಲ್ಲ, ಅಮಾನುಲ್ಲಾ ಸಾಬರು ಮಂಚದಿಂದ ಕೈ ಎತ್ತಿದರು. ಅವರು ಹಿಂದೆ ಗೂಡು ಬಿಚ್ಚಣಿಕೆಯ ಮೇಸ್ತ್ರಿ, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಏನೂ ಇಲ್ಲ. ಯಾರಿಗೂ ತೊಂದರೆ ಕೊಡದ ಮನುಷ್ಯ. ಅವರು ಎಲ್ಲರ ಮುಂದೆ ಹೇಳಿದ್ದು ಇಷ್ಟು. ಬೆಳಗಿನ ಹೊತ್ತು ಎತ್ತುಗೈ ಬೇರೆಯವರ ಹತ್ತಿರ ಇರುತ್ತದೆ. ತಮ್ಮ ಸರದಿ ಬರುವಷ್ಟರಲ್ಲಿ ಎಷ್ಟೋ ಸಲ ಹಾಸಿಗೆಯಲ್ಲೇ ಆಗಿಹೋಗುತ್ತದೆ. ಹುಡುಗರು ಮುಖ ಸಿಂಡರಿಸದೆ ತೊಳೆಯುತ್ತಾರೆ, ಆದರೂ ತಮಗೆ ನಾಚಿಕೆಯಾಗುತ್ತದೆ. ಹಿಂದಿನ ವರ್ಷಗಳಲ್ಲಿ ನಾಚಿಕೆಗೆ ಹೇಳಲಿಲ್ಲ, ಈ ವರ್ಷ ಹೇಳಿದರೆ ಎಲ್ಲಿ ಎತ್ತುಗೈ ಕೈತಪ್ಪಿ ಹೋಗುತ್ತದೋ ಅಂತ ಬಾಯಿ ಮುಚ್ಚಿಕೊಂಡಿದ್ದರು. ಈ ಸಲ ನಮ್ಮೆಲ್ಲರ ಮುಖವೂ ಬದಲಾಯಿತು, ದ್ಯಾವಪ್ಪಣ್ಣನದಂತೂ ನೋಡಲಾಗಲಿಲ್ಲ. ಹೋಗಿ ಸಾಬರ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಬಿರಾದಾರ ಬಾಯಿಯವರು ಇದನ್ನು ಮೊದಲೇ ಹೇಳಿದ್ದರೆ ಹೋದ ವರ್ಷವೇ ಯಂತ್ರ ಬರುತ್ತಿತ್ತಲ್ಲ ಸಾಬ್ರೇ ಅಂತ ನೊಂದುಕೊಂಡರು. ನಿಧಿಯಲ್ಲಿ ಅದಕ್ಕೇ ಅಂತ ಹಣ ಇದೆಯಂತೆ, ಕೇಳುವವರಿಲ್ಲದೆ ಬಿದ್ದಿರುತ್ತದಂತೆ. ಆವತ್ತು ಸಂಜೆಯೇ ಅನುದಾನ ಮುಂದುವರಿಯಿತು. ಎತ್ತುಗೈ ದೀಪಾವಳಿಗೆ ಮುಂಚೆಯೇ ಬಂತು. ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಅಮಾನುಲ್ಲಾ ಸಾಬರ ಕೈಯಲ್ಲೇ ಮೊದಲ ಗುಂಡಿ ಒತ್ತಿಸಿದೆವು. ಬೀದಿಗೆಲ್ಲ ಹೋಳಿಗೆ.

ಆದ್ದರಿಂದ ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಊರವರು ಊರವರನ್ನು ನೋಡಿಕೊಳ್ಳುವುದಕ್ಕೆ ಹಣ ಕೊಡಿ, ಧಾರಾಳವಾಗಿ ಕೊಡಿ, ನೋಡಿಕೊಳ್ಳುವವರ ಕೈಗೂ ಸಂಬಳ ಅಂತಲೇ ಕೊಡಿ, ದಾನ ಅಂತ ಅಲ್ಲ. ಕೊಟ್ಟಮೇಲೆ ಹೇಗಿದೆ ಅಂತ ವಿಚಾರಿಸಲು ಯಾರನ್ನಾದರೂ ಕಳಿಸುತ್ತೀರಲ್ಲ, ಅವರಿಗೆ ಹೇಳಿ ಕಳಿಸಿ, ತೃಪ್ತಿಯ ಮಾತು ಎತ್ತಲೇಬೇಡಿ ಅಂತ. ಏನು ತಕರಾರಿದೆ ಅಂತ ಕೇಳಿ, ಕೇಳಿ ಸುಮ್ಮನೆ ಕೂತಿರಿ. ಮಲಗಿದವರು ತಕ್ಷಣ ಬಾಯಿ ಬಿಡುವುದಿಲ್ಲ. ಅವರಿಗೆ ಎದುರಿಗಿರುವವರ ಮೇಲೆ ಪ್ರೀತಿ ಇರುತ್ತದೆ, ಹಂಗು ಇರುತ್ತದೆ, ಇದ್ದದ್ದೂ ಹೋದೀತು ಅನ್ನುವ ಹೆದರಿಕೆ ಇರುತ್ತದೆ. ಸ್ವಲ್ಪ ಹೊತ್ತು ಕಾಯಬೇಕು. ತಕರಾರು ಹೇಳುವ ಮನುಷ್ಯ ನಾಳೆಯೂ ತಾನು ಇರುತ್ತೇನೆ ಅಂದುಕೊಂಡಿರುತ್ತಾನೆ, ಅದನ್ನು ಕಡೆಗಣಿಸಬೇಡಿ.

ಇನ್ನೊಂದು ಮಾತು ಸರ್ಕಾರಕ್ಕಲ್ಲ, ನಿಮಗೇ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹಾಸಿಗೆ ಹಿಡಿದು ಮಲಗಿರಬಹುದು. ನೀವೂ ನನ್ನ ಹಾಗೆ ಒಳ್ಳೆಯವರಾಗಿ, ಮೆತ್ತಗಾಗಿ, ಎಲ್ಲದಕ್ಕೂ ಆಯ್ತು ಆಯ್ತು ಅನ್ನುತ್ತಿರಬಹುದು. ಅವರ ಔಷಧಿ ತಪ್ಪಿಸಬೇಡಿ, ಮಗ್ಗಲು ಬದಲಿಸುವುದು ಮರೆಯಬೇಡಿ. ಆದರೆ ಅವರು ತಪ್ಪು ಹೇಳಿದಾಗ, ಅದು ಹಾಗಲ್ಲ ಅಂತ ಒಂದು ಸಲ ಎದುರಾಡಿ ನೋಡಿ. ಮನೆಯ ವಿಷಯಕ್ಕೆ ಅವರನ್ನೂ ಎಳೆಯಿರಿ. ಸಿಟ್ಟು ಬಂದರೆ ಬರಲಿ. ಎಷ್ಟು ದಿನದಿಂದ ಯಾರಾದರೂ ತಮ್ಮ ಮಾತಿಗೆ ಮಾತು ಕೊಡಲಿ ಅಂತ ಕಾಯುತ್ತಾ ಮಲಗಿದ್ದಾರೋ ಯಾರು ಕಂಡರು. ನಮ್ಮ ಡಾಕ್ಟರಿಗೂ ಇದನ್ನು ಹೇಳಿದೆ. ಅವರು ಅತ್ತೆಯ ನಾಡಿ ನೋಡಿ, ಔಷಧಿ ಅದನ್ನೇ ಮುಂದುವರಿಸಿ, ಜಗಳ ಊಟ ಆದಮೇಲೆ ಮಾತ್ರ ಆಡಿ ಅಂದರು.

ಇಷ್ಟು ಬರೆದು ಮುಗಿಸಿ ಸಂಜೆ ಅತ್ತೆಗೆ ಕಾಗದ ಓದಿ ಹೇಳಿದೆ. ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಅರ್ಧಕ್ಕರ್ಧ ಸುಳ್ಳು ಅಂದರು. ನನಗೆ ಎಂಬತ್ತಾರಲ್ಲ, ಎಂಬತ್ತನಾಲ್ಕು ಅಂದರು. ಅಷ್ಟು ಜನರ ಮುಂದೆ ನನ್ನ ಕಣ್ಣೇನೂ ಹೊಳೆಯಲಿಲ್ಲ, ಅತ್ತದ್ದು ನೀನೊಬ್ಬಳೇ ಅಂದರು. ಹಿಂದಿನ ಕಾಲದವರು ನಮ್ಮ ಬಗ್ಗೆ ಏನು ತಿಳಿದುಕೊಳ್ಳಬೇಕು, ಎಲ್ಲ ಹರಿದು ಹಾಕಿ ಹೊಸದಾಗಿ ಬರಿ, ನಾನು ಹೇಳ್ತೀನಿ, ನೀನು ಬರಕೋ ಅಂದರು.

ಆಗಲ್ಲ ಅಂದೆ. ಮುಖಕ್ಕೆ ಮುಖ ಕೊಟ್ಟು, ಬೀದಿಗೆಲ್ಲ ಕೇಳಿಸುವ ಹಾಗೆ, ಆಗಲ್ಲ ಅಂದೆ. ಅವರು ಬಲಗೈ ಊರಿಕೊಂಡು ತಾವಾಗಿಯೇ ಎದ್ದು ಕೂತರು.

ಇಂತಿ,
ಮುನಿವೆಂಕಟಮ್ಮನವರ ಸೊಸೆ
ಬಚ್ಚಮ್ಮ